ಮಲೆನಾಡ ಅಂಚಿನ ಚಳಿಜ್ವರವೂ ಡಾ. ಡಿ. ಕೆ. ವಿಶ್ವನಾಥನ್ನರ ಕಾರ್ಯವೂ

ಕಿತ್ತೂರಿನ ನೆರೆಯ ದೇಗಾಂವದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯವನ್ನು ಇತಿಹಾಸಾಭ್ಯಾಸಿಗಳೆಲ್ಲರೂ ಬಲ್ಲರು. ಅಲ್ಲಿಂದ ಪಶ್ಚಿಮಕ್ಕೆ ಸಾಗಿದಂತೆ ಮಳೆಯೂ ಕಾಡೂ ಹೆಚ್ಚುತ್ತವೆ. ಒಂದು ಕಾಲಕ್ಕೆ ಅವುಗಳೊಡನೆ ಚಳಿಜ್ವರವೂ ಹೆಚ್ಚುತ್ತಿದ್ದಿತು. ಶಾಸನಗಳು ದಾನದತ್ತಿಗಳನ್ನು ಹೇಳುತ್ತವೆಯೇ ಹೊರತು ಜ್ವರಕ್ಕೆ ಅಂಜಿ ಒಕ್ಕಲೆದ್ದ ಹಳ್ಳಿಗಳ ಮಾತನ್ನೆತ್ತುವುದಿಲ್ಲ. ಆದುದರಿಂದಲೋ ಏನೋ, ನಮ್ಮ ಪ್ರಾದೇಶಿಕ ಇತಿಹಾಸದಲ್ಲಿ ಈ ವ್ಯಾಧಿಗೆ ಸಲ್ಲಬೇಕಾದ ಸ್ಥಾನ ಸಂದಿಲ್ಲ.

ಡಾ. ಡಿ. ಕೆ. ವಿಶ್ವನಾಥನ್ ಅಸ್ಸಾಮಿನಲ್ಲಿ ಮಲೇರಿಯಾ ಹರಡುವ ಸೊಳ್ಳೆಗಳ ಅಭ್ಯಾಸ ನಡೆಸಿ, ಬಳಿಕ ಮುಂಬಯಿ ಪ್ರಾಂತದ ಮಲೇರಿಯಾ ನಿವಾರಣೆಯ ಹೊಣೆ ಹೊತ್ತವರು. ಧಾರವಾಡ, ಕಾರವಾರ ಜಿಲ್ಲೆಗಳು ಆಗ ಆ ಪ್ರಾಂತಕ್ಕೇ ಸೇರಿದ್ದುವು. ಮಲೆನಾಡಿನಲ್ಲಿ ರೋಗವನ್ನು ಹರಡುತ್ತಿದ್ದ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಕೊಳಚೆಯಲ್ಲಿ ಹುಟ್ಟುವುದಲ್ಲ, ತಿಳಿನೀರಿನ ಹಳ್ಳಗಳ ಅಂಚಿನಲ್ಲಿ ಹುಟ್ಟುವುದು. ಹಳ್ಳಹಳ್ಳಕ್ಕೂ ವಾರವಾರವೂ ಎಣ್ಣೆ ಹೊಯ್ಯುವುದು ಪಟ್ಟಣಕ್ಕೆ ಸಾಧ್ಯವಾದೀತು. ಕಾಡಿನೊಳಗೆ ಚದುರಿದ ಹತ್ತು ಮನೆಗಳ ಊರಿಗೆ ಎಂತು ಸಾಧ್ಯ?

ಡಿಡಿಟಿ ಈ ಸಮಸ್ಯೆಯ ಮುಖವನ್ನೇ ಬದಲಿಸಿತು. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ವಿಶ್ರಮಿಸುತ್ತದೆ. ಅದರ ಒಡಲಲ್ಲಿ ರೋಗಾಣು ಪಕ್ವವಾಗಲು ಸುಮಾರು ಹತ್ತು ದಿನಗಳಾದರೂ ಬೇಕು. ಗೋಡೆಗೆ ಬಳಿದ ಔಷಧ ಅಷ್ಟರೊಳಗೆ ಸೊಳ್ಳೆಯನ್ನು ಕೊಂದರೆ ಸಾಕು, ಹಳ್ಳದ ತಂಟೆಗೆ ಹೋಗಬೇಕಾಗಿಲ್ಲ. ವಿಶ್ವನಾಥನ್ನರೂ ಕೀಟಶಾಸ್ತ್ರಜ್ಞರಾದ ಟಿ. ರಾಮಚಂದ್ರರಾಯರೂ ಕಾರವಾರ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಈ ಕ್ರಮವನ್ನು ಆಚರಣೆಗೆ ತಂದು, ಮೊದಲ ವರ್ಷದ ಫಲಿತಾಂಶಗಳನ್ನು 1947ರಲ್ಲಿ ಪ್ರಕಟಿಸಿದರು. ಆ ವರ್ಷ ದೇಶದಲ್ಲಿ 7.5 ಕೋಟಿ ಜನ ಮಲೇರಿಯಾಪೀಡಿತರೆಂದೂ 8 ಲಕ್ಷ ಜನ ಮಡಿದರೆಂದೂ ಅಂದಾಜು. ಇಂತಹ ಕಾರ್ಯಕ್ಕೆ ಅಡ್ಡಿಯಾದುದು ಅಜ್ಞಾನವೊಂದೇ ಅಲ್ಲ. ಹಬ್ಬಕ್ಕೆಂದು ಗೃಹಿಣಿ ಮಣ್ಣಿನ ಗೋಡೆಯನ್ನು ಸಗಣಿಯಿಂದ ಸಾರಿಸಿದಳೆಂದರೆ ಔಷಧ ಅದರಡಿಯಲ್ಲಿ ಹೂತುಹೋಗುತ್ತಿದ್ದಿತು. ಶುಚಿತ್ವವೇ ಇಲ್ಲಿ ಪ್ರತಿಕೂಲ!

1953ರ ಏಪ್ರಿಲಿನಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಯೋಜನೆ ಆರಂಭವಾಯಿತು. ಅದನ್ನು ಅಮೆರಿಕದ ನೆರವಿನ ಫಲವೆಂದೇ ಬಗೆಯುವುದು ವಾಡಿಕೆ. ವಿಶ್ವನಾಥನ್ನರು ತಾವೇ 1958ರ ತಮ್ಮ ಗ್ರಂಥದ ಉಪಶೀರ್ಷಿಕೆಯಲ್ಲಿ ಅದನ್ನು ಭಾರತ-ಅಮೆರಿಕ ಸಹಕಾರದ ಯತ್ನವೆಂದು ಕರೆದರು. ಇದು ಅವರ ಔದಾರ್ಯವೆಂದೇ ನಮ್ಮ ಅಭಿಪ್ರಾಯ. ಔಷಧವೂ ವಾಹನಗಳೂ ಹೊರಗಿನಿಂದ ಬಂದುವು ನಿಜ. ಆದರೆ ಹಳ್ಳಿಯ ಗೋಡೆಯ ಮೇಲೆ ನಡೆದ ಪರೀಕ್ಷೆ ಆ ನೆರವಿಗಿಂತ ಹಿಂದಿನದು, ಕನ್ನಡ ನಾಡಿನಲ್ಲಿ ನಡೆದದ್ದು.

ಆ ಗ್ರಂಥದ ಹೆಸರಿನಲ್ಲಿ ಮಲೇರಿಯಾದ ಮೇಲಣ ವಿಜಯವೆಂಬ ಮಾತಿದೆ. 1965ರ ವೇಳೆಗೆ ರೋಗಿಗಳ ಸಂಖ್ಯೆ ಒಂದು ಲಕ್ಷದ ಸಮೀಪಕ್ಕೆ ಇಳಿದಿದ್ದಿತು. ಬಯಲುಸೀಮೆಯ ಸೊಳ್ಳೆ ಔಷಧಕ್ಕೆ ಒಗ್ಗಿಕೊಂಡು, ಎಚ್ಚರವೂ ಸಡಿಲಿ, 1976ರಲ್ಲಿ ಅದು 64 ಲಕ್ಷವನ್ನು ಮುಟ್ಟಿತು.