ಕಾವೇರಿಯ ನಡುಹರಿವು: ಶಿವನಸಮುದ್ರದಿಂದ ಮೆಟ್ಟೂರಿನವರೆಗೆ

ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿ ಜಲಪಾತಗಳಾಗಿ ಧುಮುಕಿದ ಮೇಲೆ ಕಾವೇರಿ ಗದ್ದೆಬಯಲಿನ ನಂಟು ಬಿಟ್ಟು ಕಾಡಿನ ಕಣಿವೆಗೆ ಇಳಿಯುತ್ತದೆ. ಭೀಮೇಶ್ವರಿ, ಮುತ್ತತ್ತಿ, ಸಂಗಮ, ಮೇಕೆದಾಟು, ಹೊಗೇನಕಲ್ ದಾಟಿ ತಮಿಳುನಾಡಿನ ಮೆಟ್ಟೂರು ಜಲಾಶಯ ಸೇರುವತನಕ ಅದರ ಸ್ವಭಾವವೇ ಬೇರೆ. ಒಂದೆಡೆ ಬಂಡೆಗಳ ನಡುವೆ ನುಗ್ಗುತ್ತದೆ, ಇನ್ನೊಂದೆಡೆ ಆಳವಾದ ಮಡುಗಳಲ್ಲಿ ನಿಂತಂತೆ ಕಾಣುತ್ತದೆ. ದಡದುದ್ದಕ್ಕೂ ಹೊಳೆಮತ್ತಿ, ಹುಣಸೆ, ನೇರಳೆ, ಹೊಂಗೆ. ನೀರಿನಲ್ಲಿ ಮಹಶೀರ್ ಮೀನು, ನೀರುನಾಯಿ, ಮೊಸಳೆ. ಬೇಸಿಗೆಯಲ್ಲಿ ಸುತ್ತಲ ಕುರುಚಲು ಕಾಡು ಒಣಗಿದಾಗ ಆನೆಗಳಿಗೂ ಈ ಹೊಳೆಯೇ ಗತಿ.

ಈ ಹರಿವಿನ ಇಕ್ಕೆಲಗಳ ಕಾಡನ್ನು 1987ರಲ್ಲಿ ಕಾವೇರಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಆಗ ಸುಮಾರು 510 ಚದರ ಕಿ.ಮೀ. ಇದ್ದ ಧಾಮವನ್ನು 2013ರಲ್ಲಿ 1,027 ಚದರ ಕಿ.ಮೀ.ಗೆ ಹಿಗ್ಗಿಸಲಾಯಿತು. ಅಳತೆಯ ಮಟ್ಟಿಗೆ ಇದು ದೊಡ್ಡ ಗೆಲುವು. ಆದರೆ ಗಡಿಕಲ್ಲು ನೆಡುವುದು ನೆಲದಲ್ಲಿ. ನದಿ ಬರುವುದು ಗಡಿಯಾಚೆಯಿಂದ. ಎಷ್ಟು ನೀರು, ಯಾವ ಹೊತ್ತಿನಲ್ಲಿ, ಏನೇನು ಹೊತ್ತು ಧಾಮಕ್ಕೆ ಬರಬೇಕೆಂಬುದು ಅರಣ್ಯ ಇಲಾಖೆಯ ಕೈಯಲ್ಲಿಲ್ಲ. ಈ ಕಣಿವೆಯ ಹೆಚ್ಚಿನ ತೊಂದರೆಗಳ ಬೇರು ಇಲ್ಲಿದೆ.

ಕಾವೇರಿಗೆ ಕಟ್ಟೆ ಹೊಸದಲ್ಲ. ಕೆಳಹರಿವಿನಲ್ಲಿ ಚೋಳರ ಕಲ್ಲಣೆ ಸುಮಾರು ಎರಡು ಸಾವಿರ ವರ್ಷದಷ್ಟು ಹಳೆಯದು. ಕೆಲವು ಕಟ್ಟೆಗಳಿಂದ ಕಾಡುಜೀವಿಗಳಿಗೆ ಲಾಭವೂ ಆಗಿದೆ. 17ನೇ ಶತಮಾನದಲ್ಲಿ ಶ್ರೀರಂಗಪಟ್ಟಣದ ಬಳಿ ಕಟ್ಟಿದ ಅಣೆಯಿಂದ ಮೂಡಿದ ನಡುಗಡ್ಡೆಗಳೇ ಇಂದಿನ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ಹಳೆಯ ಅಣೆಗಳು ತಗ್ಗಾಗಿದ್ದವು, ಮಳೆಗಾಲದ ನೀರು ಅವುಗಳ ನೆತ್ತಿ ದಾಟಿ ಹರಿಯುತ್ತಿತ್ತು. 20ನೇ ಶತಮಾನದ ಅಣೆಕಟ್ಟುಗಳು ನದಿಯ ಗಡಿಯಾರಕ್ಕೇ ಕೈಹಾಕಿದವು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ 1930ರ ದಶಕದ ಆರಂಭದಲ್ಲಿ ಮುಗಿಯಿತು. 1934ರಲ್ಲಿ ಮೆಟ್ಟೂರು, ಆಮೇಲೆ ಕಬಿನಿ, ಹಾರಂಗಿ, ಹೇಮಾವತಿ. ಮೆಟ್ಟೂರು ಎದ್ದದ್ದೇ ಸಮುದ್ರದಿಂದ ಮೊಟ್ಟೆಯಿಡಲು ಮೇಲೇರಿ ಬರುತ್ತಿದ್ದ ಹಿಲ್ಸಾ ಮೀನಿನ ದಾರಿ ಮುಚ್ಚಿತು.

ಶಿವನಸಮುದ್ರದ ಕಥೆ ಇನ್ನೂ ಹಿಂದಿನದು. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅಂದಿನಿಂದ ಜಲಪಾತದ ಒಂದು ಪಾಲು ನೀರು ಕಾಲುವೆ ಹಿಡಿದು ಹೋಗುತ್ತಿದೆ. ಈಚೆಗೆ ಕಿರು ಜಲವಿದ್ಯುತ್ ಘಟಕಗಳೂ ಸೇರಿಕೊಂಡಿವೆ. ನೀರನ್ನು ತಡೆದು, ವಿದ್ಯುತ್ ಬೇಕಾದಾಗ ಬಿಟ್ಟರೆ ಹೊಳೆಯ ಮಟ್ಟ ಒಂದೇ ದಿನದಲ್ಲಿ ಏರಿ ಇಳಿಯುತ್ತದೆ. ಬಂಡೆ ಮೇಲೆ ನಿಂತ ಪ್ರವಾಸಿಗನಿಗೆ ಅದು ಅಪಾಯ. ದಡದಂಚಿನ ಆಳವಿಲ್ಲದ ನೀರಿನಲ್ಲಿ ಬೆಳೆಯುವ ಮೀನುಮರಿಗೆ ಅದು ಮರಣ: ಇಳಿದ ನೀರಿನ ಜೊತೆ ಹೋಗಲಾಗದೆ ಕಲ್ಲಿನ ಗುಂಡಿಯಲ್ಲಿ ಸಿಕ್ಕಿ ಬಿಸಿಲಿಗೆ ಬೇಯುತ್ತದೆ.

ಈ ನದಿಯ ಹೆಸರನ್ನು ಜಗತ್ತಿಗೆ ಕೊಂಡೊಯ್ದದ್ದು ಡುಬ್ಬದ ಮಹಶೀರ್. ಬೆನ್ನು ಗೂನಾಗಿ ಎದ್ದು, ರೆಕ್ಕೆಗೆ ಕಿತ್ತಳೆ ಬಣ್ಣ ಬಳಿದುಕೊಂಡ ಈ ಮೀನು ಕಾವೇರಿ ಕೊಳ್ಳ ಬಿಟ್ಟರೆ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ ಗಾಳ ಹಾಕಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಗಿತ್ತು, ಗಾಳಕ್ಕೆ ಬಿದ್ದ ಮಹಶೀರ್‌ಗಳಲ್ಲಿ ಅದೇ ದಾಖಲೆ. ಇಷ್ಟು ಹೆಸರು ಮಾಡಿದ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರೇ ಇರಲಿಲ್ಲವೆಂಬುದು ವಿಚಿತ್ರ. ಕಾವೇರಿ ಕೊಳ್ಳಕ್ಕೇ ಸೇರಿದ ಪಂಬಾರ್ ಹೊಳೆಯಲ್ಲಿ ಸಿಕ್ಕ ಮೀನಿಗೆ 2007ರಲ್ಲಿ ಇಟ್ಟಿದ್ದ ಟಾರ್ ರೆಮಾದೇವಿ ಎಂಬ ಹೆಸರು ಇದಕ್ಕೇ ಸೇರಬೇಕೆಂದು 2018ರಲ್ಲಷ್ಟೇ ಗೊತ್ತಾಯಿತು. ಹೆಸರು ಸಿಕ್ಕ ವರ್ಷವೇ ಪ್ರಕೃತಿ ಸಂರಕ್ಷಣೆಯ ಜಾಗತಿಕ ಸಂಸ್ಥೆ ಐಯುಸಿಎನ್ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಅದರ ಅವನತಿಯಲ್ಲಿ ಒಳ್ಳೆಯ ಉದ್ದೇಶದ್ದೂ ಕೈವಾಡವಿದೆ. ಮಹಶೀರ್ ಕಡಿಮೆಯಾಗುತ್ತಿದೆ ಎಂದಾಗ ಮೀನುಮರಿ ಬಿಡುವ ಕೆಲಸ 1970ರ ದಶಕದಿಂದ ನಡೆಯಿತು. ಮರಿಗಳು ಬಂದದ್ದು ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆ ನಡೆಸುತ್ತಿದ್ದ ಮರಿ ಕೇಂದ್ರದಿಂದ. ಅವು ನೀಲಿ ರೆಕ್ಕೆಯ ಮಹಶೀರ್, ಬೇರೆಯೇ ಜಾತಿ. ಮಹಶೀರ್ ಎಂದರೆ ಮಹಶೀರ್ ಎಂದುಕೊಂಡವರಿಗೆ ವ್ಯತ್ಯಾಸ ಕಾಣಲಿಲ್ಲ. ಈ ಕಣಿವೆಯ ಗಾಲಿಬೋರೆಯಲ್ಲಿದ್ದ ಗಾಳದ ಶಿಬಿರದ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದಲ್ಲಿ 6,000ಕ್ಕೂ ಹೆಚ್ಚು ಮೀನುಗಳಿವೆ. ವರ್ಷ ಕಳೆದಂತೆ ಸಿಗುವ ಮೀನಿನ ಸಂಖ್ಯೆ ಏರಿತು, ಗಾತ್ರ ಇಳಿಯಿತು. ಏರಿದ್ದು ಹೊರಗಿನಿಂದ ಬಂದ ನೀಲಿ ರೆಕ್ಕೆ, ಕರಗಿದ್ದು ಊರಿನ ಡುಬ್ಬದ ಮೀನು. ಲೆಕ್ಕದ ಮೊತ್ತವನ್ನಷ್ಟೇ ನೋಡಿದವರಿಗೆ ನದಿ ಚೇತರಿಸಿಕೊಂಡಂತೆಯೇ ಕಂಡೀತು.

ಇಂಥ ಗಾಳದ ಶಿಬಿರಗಳದ್ದೂ ಒಂದು ಕಥೆ. ಹಿಡಿದ ಮೀನನ್ನು ತೂಗಿ, ಮತ್ತೆ ನೀರಿಗೆ ಬಿಡುವುದು ಅಲ್ಲಿಯ ಕಟ್ಟಳೆಯಾಗಿತ್ತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರಿಗೆ ಗಾಳಗಾರರ ಜೊತೆಗಾರರಾಗಿ ಕೆಲಸ ಸಿಕ್ಕಿತು. ಅವರನ್ನು ಗಿಲ್ಲಿಗಳೆಂದು ಕರೆಯುತ್ತಿದ್ದರು. ಹೊಳೆಯಂಚಿನಲ್ಲಿ ಹಗಲೂ ರಾತ್ರಿ ಜನರಿದ್ದುದರಿಂದ ಕಳ್ಳಬೇಟೆಗೆ ಕಡಿವಾಣ ಬಿದ್ದಿತ್ತು. ವನ್ಯಜೀವಿ ಕಾಯಿದೆಯಡಿ ಧಾಮದೊಳಗೆ ಗಾಳಕ್ಕೆ ಅವಕಾಶವಿಲ್ಲವೆಂದಾಗಿ 2012ರ ಹೊತ್ತಿಗೆ ಅದೆಲ್ಲ ನಿಂತಿತು. ಕಾನೂನಿನ ದೃಷ್ಟಿಯಿಂದ ಸರಿಯೇ ಇರಬಹುದು. ಕಾವಲಿನ ಜೊತೆಗೆ ಮೀನಿನ ಲೆಕ್ಕವೂ ಹೋದದ್ದು ನಷ್ಟ.

ಕಳ್ಳಬೇಟೆಯ ಅತಿ ಕೆಟ್ಟ ರೂಪ ಸಿಡಿಮದ್ದು. ಕಲ್ಲುಗಣಿಯಿಂದ ದಾರಿ ತಪ್ಪಿ ಬಂದ ಮದ್ದನ್ನು ಮಡುವಿಗೆ ಎಸೆದರೆ ದೊಡ್ಡ ಮೀನು, ಮರಿ, ಮೊಟ್ಟೆ, ಹುಳ ಎಲ್ಲವೂ ಒಮ್ಮೆಗೇ ಸಾಯುತ್ತವೆ. ಸತ್ತದ್ದರಲ್ಲಿ ತೇಲಿ ಕೈಗೆ ಸಿಗುವುದು ಒಂದು ಪಾಲು ಮಾತ್ರ, ಉಳಿದದ್ದು ತಳ ಸೇರಿ ಕೊಳೆಯುತ್ತದೆ. ಬೇಸಿಗೆಯಲ್ಲಿ ನದಿಯ ಜೀವವೆಲ್ಲ ಮಡುಗಳಲ್ಲೇ ಉಳಿದಿರುತ್ತದೆಯಾದ್ದರಿಂದ ಒಂದು ಮಡು ಹಾಳಾದರೆ ಸುತ್ತಲ ಹರಿವಿಗೆ ಮತ್ತೆ ಮೀನು ತುಂಬುವವರಿಲ್ಲ. ಮೀನು ಕಡಿಮೆಯಾದಂತೆ ಬೆಸ್ತರ ಬಲೆಗೂ ನೀರುನಾಯಿಗೂ ಜಗಳ. ಬಲೆ ಹರಿದು ಮೀನು ಕದಿಯುವ ನೀರುನಾಯಿ ಅವರಿಗೆ ಶತ್ರು. ತೆಪ್ಪದಲ್ಲಿ ಹೋಗಿ ರಾತ್ರಿ ಬಲೆ ಬಿಟ್ಟು ಬೆಳಿಗ್ಗೆ ಎತ್ತುವವನಿಗೆ ಹರಿದ ಬಲೆಯೆಂದರೆ ವಾರದ ಸಂಪಾದನೆ ಹೋದಂತೆ ಎಂಬುದನ್ನೂ ಮರೆಯುವಂತಿಲ್ಲ. ರಾಜ್ಯದ ಇನ್ನೊಂದು ನದಿ ತುಂಗಭದ್ರೆಯಲ್ಲಾದರೋ ನೀರುನಾಯಿಗೆಂದೇ 2015ರಲ್ಲಿ ಸುಮಾರು 34 ಕಿ.ಮೀ. ಹರಿವನ್ನು ಮೀಸಲಿಡಲಾಯಿತು.

ಮರಳಿಗೂ ಇಲ್ಲಿ ಜೀವವಿದೆ. ಮೊಸಳೆ, ಮೆದುಚಿಪ್ಪಿನ ಆಮೆ, ನದಿ ರೀವ ಹಕ್ಕಿ ಮೊಟ್ಟೆಯಿಡುವುದು ಮರಳ ದಿಬ್ಬದಲ್ಲಿ. ನೀರುನಾಯಿ ಹೊರಳಿ ಮೈ ಒಣಗಿಸಿಕೊಳ್ಳುವುದೂ ಅಲ್ಲೇ. ಮೇಲಿನಿಂದ ಹೊಸ ಮರಳು ಬರದಂತೆ ಅಣೆಕಟ್ಟುಗಳು ತಡೆದಿವೆ, ಇದ್ದದ್ದನ್ನು ಲಾರಿಗಳು ಹೊತ್ತಿವೆ. ದಡದ ಮೇಲೆ ದೊಡ್ಡಿ ಹಾಕಿ ಬಿಟ್ಟ ದನಗಳು ಎಳೆಗಿಡ ಮೇಯುವುದರಿಂದ ಮುದಿ ಹೊಳೆಮತ್ತಿಗಳು ಬಿದ್ದ ಜಾಗದಲ್ಲಿ ಹೊಸವು ಏಳುವುದು ಕಷ್ಟ. ಮರದಿಂದ ಮರಕ್ಕೆ ಹಾರುತ್ತಲೇ ಬದುಕುವ ನರೆಬಣ್ಣದ ದೊಡ್ಡ ಅಳಿಲಿಗೆ ಈ ಸಾಲು ತುಂಡಾದರೆ ದಾರಿಯೇ ತುಂಡಾದಂತೆ.

ಎಲ್ಲಕ್ಕಿಂತ ದೊಡ್ಡ ಒತ್ತಡ ಕಣಿವೆಯಿಂದ ಕಾಣಿಸದಷ್ಟು ದೂರದಲ್ಲಿದೆ. 1974ರಲ್ಲಿ ಕಾವೇರಿ ನೀರು ಮೊದಲ ಬಾರಿಗೆ ಬೆಂಗಳೂರಿಗೆ ಏರಿತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, 500 ಮೀಟರಿನಷ್ಟು ಎತ್ತರಕ್ಕೆ ಪಂಪುಗಳು ಅದನ್ನು ನೂಕುತ್ತವೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾದಾಗ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿಯಾಗಿ ಸೇರಿತು. ಹೀಗೆ ಜಲಪಾತದ ಮೇಲ್ಗಡೆ ಎತ್ತಿದ ನೀರಿನ ಒಂದು ದೊಡ್ಡ ಪಾಲು ಕೊಳಚೆಯಾಗಿ ವೃಷಭಾವತಿ ಸೇರುತ್ತದೆ. ಬಸವನಗುಡಿಯ ಬಸವನ ಪಾದದಡಿ ಹುಟ್ಟಿತೆಂದು ಜನ ನಂಬುವ ಆ ಹೊಳೆ ನೊರೆಯುಗುಳುತ್ತ ಬೈರಮಂಗಲ ಕೆರೆ ದಾಟಿ, ಕನಕಪುರದ ಕಡೆ ಅರ್ಕಾವತಿಗೆ ಬೀಳುತ್ತದೆ. ಅರ್ಕಾವತಿ ಕಾವೇರಿಗೆ ಸೇರುವ ಜಾಗವೇ ಸಂಗಮ, ವನ್ಯಜೀವಿಧಾಮದ ನಟ್ಟನಡುವೆ. ಬೆಂಗಳೂರಿನ ಮನೆಯಲ್ಲಿ ಬಕೆಟ್ ತುಂಬಿದ ಕಾವೇರಿ ಸಾಬೂನು ನೊರೆ ಹೊತ್ತು ಮತ್ತೆ ಕಾವೇರಿಗೇ ಬರುತ್ತಾಳೆ, ಜಲಪಾತಕ್ಕೂ ಸಂಗಮಕ್ಕೂ ನಡುವಿನ ಹರಿವನ್ನು ಮಾತ್ರ ಬಿಟ್ಟು. ಆ ಪಾತ್ರಕ್ಕೆ ನೀರು ಕಡಿಮೆ, ಅದರ ಕೆಳಗಿನದಕ್ಕೆ ಕೊಳಚೆ ಹೆಚ್ಚು.

ಮೇಕೆದಾಟಿನಲ್ಲಿ ಕರ್ನಾಟಕ ಕಟ್ಟಲು ಬಯಸಿರುವ 67 ಟಿಎಂಸಿ ಜಲಾಶಯ, 400 ಮೆಗಾವಾಟ್ ವಿದ್ಯುತ್ ಯೋಜನೆಯ ಉದ್ದೇಶಗಳಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಮುಖ್ಯವಾದದ್ದು. ಎರಡು ರಾಜ್ಯಗಳ ವಾದದಲ್ಲಿ ನೀರಿನ ಪಾಲಿನ ಮಾತೇ ಜೋರು. ಸುಮಾರು 5,000 ಹೆಕ್ಟೇರ್ ಮುಳುಗುವ ಮಾತು, ಅದರಲ್ಲಿ ಬಹುಪಾಲು ಕಾಡೆಂಬ ಮಾತು ಹಿನ್ನೆಲೆಗೆ ಸರಿದಿದೆ. ಮುಳುಗುವುದು ಕಣಿವೆಯ ತಳ, ಅಂದರೆ ಹೊಳೆಮತ್ತಿಯ ಸಾಲು, ಮರಳ ದಿಬ್ಬ, ಬೇಸಿಗೆಯಲ್ಲಿ ಆನೆ ಇಳಿದು ಬರುವ ಜಾಗ. ನುಗ್ಗುವ ನೀರು, ಜಲ್ಲಿಯ ತಳ ಬೇಡುವ ಡುಬ್ಬದ ಮಹಶೀರ್‌ಗೆ ನಿಂತ ನೀರು ಹಿಡಿಸದು. ಅದರ ಉಳಿದ ನೆಲೆಗಳಲ್ಲಿ ಸದ್ಯ ಹೆಚ್ಚು ಕೇಳಿಬರುವುದು ಮೋಯಾರ್ ಹೊಳೆಯ ಹೆಸರು. ನೀಲಗಿರಿಯ ಬುಡದಲ್ಲಿ ಹುಲಿಕಾಡುಗಳ ನಡುವೆ ಕಡಿದಾದ ಕಂದರದಲ್ಲಿ ಹರಿಯುವ ಆ ಹೊಳೆಯ ನೀರು ಭವಾನಿಯನ್ನು ಸೇರಿ, ಮೆಟ್ಟೂರಿನ ಕೆಳಗೆ ಕಾವೇರಿಗೆ ಬರುತ್ತದೆ.