ಪುಣೆಯ ಮಿಶ್ರಿ ಮತ್ತು ಚಟ ಬಿಡಿಸುವ ಮದ್ದು

ತಂಬಾಕು ಬಿಡಿಸುವ ಯಾವ ಚಿಕಿತ್ಸೆ ಯಾರಿಗೆ ಒಗ್ಗುತ್ತದೆ ಎಂದು ತಿಳಿಯಬೇಕಾದರೆ ಯಾರು ಅದನ್ನು ಯಾವ ರೂಪದಲ್ಲಿ ಬಳಸುತ್ತಾರೆ ಎಂಬುದು ಮೊದಲು ಗೊತ್ತಾಗಬೇಕು. ಭಾರತದಲ್ಲಿ ಆ ಅರಿವಿಗೆ ತಳಪಾಯ ಬಿದ್ದ ಜಾಗಗಳಲ್ಲಿ ಪುಣೆ ಜಿಲ್ಲೆಯ ಹಳ್ಳಿಗಳೂ ಸೇರಿವೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಫ್. ಎಸ್. ಮೆಹತಾ ಅವರ ತಂಡವು ಕೋಪನ್‌ಹೇಗನ್ನಿನ ಜೆ. ಜೆ. ಪಿಂಡ್‌ಬೋರ್ಗ್ ಅವರ ಸಹಯೋಗದಲ್ಲಿ 1,01,761 ಹಳ್ಳಿಗರ ಬಾಯಿಯನ್ನು ಪರೀಕ್ಷಿಸಿ 1972ರಲ್ಲಿ ವರದಿಯನ್ನು ಪ್ರಕಟಿಸಿತು. ಈ ಸೀಮೆಯ ಹೆಂಗಸರಲ್ಲಿ ರೂಢಿಯಲ್ಲಿದ್ದುದು ಮಿಶ್ರಿ, ಅಂದರೆ ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಾಗುವವರೆಗೆ ಹುರಿದು, ಪುಡಿ ಮಾಡಿ, ಹಲ್ಲು ತಿಕ್ಕುವ ನೆಪದಲ್ಲಿ ಒಸಡಿಗೆ ಹಚ್ಚುವ ವಸ್ತು. ಅದನ್ನು ಚಟವೆಂದು ಬಗೆದವರು ಕಡಿಮೆ.

ಇದೇ ಸಂಶೋಧಕರ ಬಳಗವು ಮುಂದೆ ಎರ್ನಾಕುಲಂ, ಶ್ರೀಕಾಕುಲಂ, ಭಾವನಗರ ಜಿಲ್ಲೆಗಳಲ್ಲಿ ಸುಮಾರು 36,000 ಬಳಕೆದಾರರಿಗೆ ತಿಳಿವಳಿಕೆ ನೀಡಿ, ಬಾಯೊಳಗೆ ಏಳುವ ಬಿಳಿ ಮಚ್ಚೆಗಳು, ಅಂದರೆ ಲ್ಯೂಕೋಪ್ಲೇಕಿಯಾ, ಅದರಿಂದ ಕಡಿಮೆಯಾದವೆಂದು 1986ರಲ್ಲಿ ತೋರಿಸಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಕೋಲಾರದ ಹಳ್ಳಿಗಳಲ್ಲಿ ನಡೆಸಿದ ಪ್ರಯೋಗವೂ ಮದ್ದಿಗಿಂತ ಮಾತನ್ನೇ ನೆಚ್ಚಿತ್ತು.

ಮದ್ದು ಬಂದದ್ದು ಸಿಗರೇಟಿನ ನಾಡುಗಳಿಂದ. ಸ್ವೀಡನ್ನಿನಲ್ಲಿ ನಿಕೋಟಿನ್ ಗಮ್ ಹುಟ್ಟಿತು; ಕಾರ್ಲ್ ಫಾಗರ್‌ಸ್ಟ್ರೋಮ್ 1978ರಲ್ಲಿ ಅವಲಂಬನೆಯನ್ನು ಅಳೆಯುವ ಪ್ರಶ್ನಾವಳಿಯನ್ನು ರಚಿಸಿದರು. ದಿನಕ್ಕೆಷ್ಟು ಸೇದುತ್ತೀರಿ ಎಂಬ ಅದರ ಪ್ರಶ್ನೆ ಬೀಡಿಯ ಮುಂದೆ ತಡವರಿಸುತ್ತದೆ, ಏಕೆಂದರೆ ಬೀಡಿಯಲ್ಲಿ ತಂಬಾಕು ಸಿಗರೇಟಿಗಿಂತ ಬಹಳ ಕಡಿಮೆಯಿದ್ದರೂ, ಎಲೆ ಆರದಂತೆ ಮೇಲಿಂದ ಮೇಲೆ ದಮ್ಮು ಎಳೆಯಲೇಬೇಕಾಗುತ್ತದೆ. ಮಿಶ್ರಿಗಂತೂ ಎಣಿಕೆಯೇ ಇಲ್ಲ.

ವ್ಯಕ್ತಿಗೆ ತಕ್ಕ ಮದ್ದಿನ ಹುಡುಕಾಟ ಮುಂದುವರಿದು, ದೇಹವು ನಿಕೋಟಿನನ್ನು ಬೇಗ ಕರಗಿಸುವವರಿಗೆ ಚರ್ಮಕ್ಕೆ ಅಂಟಿಸುವ ಪಟ್ಟಿಗಿಂತ ವರೆನಿಕ್ಲಿನ್ ಮಾತ್ರೆ ಹೆಚ್ಚು ಫಲಕಾರಿ, ನಿಧಾನವಾಗಿ ಕರಗಿಸುವವರಿಗೆ ಎರಡರ ಫಲವೂ ಹೆಚ್ಚುಕಡಿಮೆ ಒಂದೇ, ಆದರೆ ಮಾತ್ರೆಯ ಅಡ್ಡಪರಿಣಾಮ ಹೆಚ್ಚು ಎಂದು 2015ರ ಪ್ರಯೋಗವೊಂದು ಕಂಡಿತು. 2016ರಲ್ಲಿ ಪ್ರಕಟವಾದ, ಎಂಟು ಸಾವಿರಕ್ಕೂ ಹೆಚ್ಚು ಜನರ ಅಧ್ಯಯನವು ಮನೋರೋಗವಿದ್ದವರಿಗೂ ಈ ಮಾತ್ರೆಯಿಂದ ಹೇಳಿಕೊಳ್ಳುವಂಥ ಹೆಚ್ಚಿನ ಅಪಾಯವಿಲ್ಲವೆಂದಿತು. ಇವೆಲ್ಲ ಅಮೂಲ್ಯ ಅಧ್ಯಯನಗಳೇ, ಆದರೆ ಸೇದುವವರನ್ನು ಕುರಿತವು. 2016-17ರ ವಯಸ್ಕರ ಸಮೀಕ್ಷೆಯಂತೆ ಮಹಾರಾಷ್ಟ್ರದಲ್ಲಿ ಸೇದುವವರು ಶೇ. 3.8 ಮಾತ್ರ, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 24.4. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿ ಸೇದುವವರಿಗೆ ನಾಲ್ಕು ಬಗೆಯ ಔಷಧಗಳನ್ನು ಹೇಳಿದರೆ, ಹೊಗೆಯಿಲ್ಲದ ತಂಬಾಕಿನವರಿಗೆ ವರೆನಿಕ್ಲಿನ್ ಮತ್ತು ನಿಕೋಟಿನ್ ಬದಲಿ ಎಂಬ ಎರಡನ್ನಷ್ಟೇ ಹೇಳಿದೆ.