ಇಪ್ಪತ್ತು ಇಂಚಿನ ಪೈಪು

ಆಫೀಸಿನಲ್ಲಿ 'ಟೆಂಪರರಿ ಫಿಕ್ಸ್' ಅನ್ನೋ ಮಾತನ್ನ ದಿನಕ್ಕೆ ಹತ್ತು ಸಲ ಕೇಳ್ತೀನಿ. ಸದ್ಯಕ್ಕೆ ಏನೋ ಒಂದು ತೇಪೆ ಹಾಕಿ ನಡೆಸೋಣ, ಆಮೇಲೆ ನಿಧಾನಕ್ಕೆ ಸರಿಮಾಡೋಣ ಅಂತ. ಆ 'ಆಮೇಲೆ' ಯಾವತ್ತೂ ಬರೋದಿಲ್ಲ ಅನ್ನೋದು ನಮ್ಮ ಸಾಫ್ಟ್‌ವೇರ್ ಕಸುಬಿನವರಿಗೆಲ್ಲ ಗೊತ್ತಿರೋ ಗುಟ್ಟು. ನಮ್ಮ ತೇಪೆ ಕಿತ್ತುಹೋದರೆ ಹೆಚ್ಚೆಂದರೆ ವೆಬ್‌ಸೈಟು ಮಲಗುತ್ತೆ, ಮ್ಯಾನೇಜರ್ ಕೂಗಾಡ್ತಾನೆ, ಅಷ್ಟೇ. ಆದರೆ ನಾನೀಗ ಇರೋ ಇದೇ ಇಂಗ್ಲೆಂಡಿನಲ್ಲಿ 1974ರಲ್ಲಿ ಒಂದು ತೇಪೆ ಕಿತ್ತುಹೋಗಿ 28 ಜನ ಸತ್ತರು. ಇಂಜಿನಿಯರಿಂಗ್ ಓದುವಾಗ ಇದರ ಬಗ್ಗೆ ಯಾರೂ ನಮಗೆ ಒಂದು ಮಾತೂ ಹೇಳಿರಲಿಲ್ಲ. ಇಲ್ಲಿಗೆ ಬಂದಮೇಲೆ ಓದಿ ತಿಳಿದದ್ದು.

ಊರಿನ ಹೆಸರು ಫ್ಲಿಕ್ಸ್‌ಬರೋ. ಸ್ಕಂಥಾರ್ಪ್ ಪಟ್ಟಣದ ಹತ್ತಿರ, ಟ್ರೆಂಟ್ ನದಿಯ ಪಕ್ಕದ ಪುಟ್ಟ ಹಳ್ಳಿ. ಅಲ್ಲಿ ನೈಪ್ರೋ ಅನ್ನೋ ಕಂಪನಿ ಕ್ಯಾಪ್ರೋಲ್ಯಾಕ್ಟಮ್ ತಯಾರಿಸ್ತಾ ಇತ್ತು. ಹೆಸರು ಕೇಳಿ ಗಾಬರಿಯಾಗಬೇಡಿ, ನೈಲಾನ್ ಮಾಡೋದಕ್ಕೆ ಬೇಕಾಗೋ ಕಚ್ಚಾವಸ್ತು ಅದು.

ಕ್ಯಾಪ್ರೋಲ್ಯಾಕ್ಟಮ್‌ಗೆ ಮೊದಲ ಹೆಜ್ಜೆ ಸೈಕ್ಲೋಹೆಕ್ಸೇನ್. ಹೆಚ್ಚುಕಡಿಮೆ ಪೆಟ್ರೋಲಿನ ಥರದ ದ್ರವ, ಕುದಿಯೋದು 81 ಡಿಗ್ರಿಗೆ. ಅದನ್ನ 155 ಡಿಗ್ರಿಯವರೆಗೆ ಕಾಯಿಸಿ, ಆವಿಯಾಗದ ಹಾಗೆ ಒತ್ತಡದಲ್ಲಿಟ್ಟು, ಒಳಗೆ ಗಾಳಿ ಊದುತ್ತಿದ್ದರು. ಪ್ರೆಶರ್ ಕುಕ್ಕರ್ ನೆನಪಿಸಿಕೊಳ್ಳಿ. ಮುಚ್ಚಳ ಗಟ್ಟಿಯಿರುವವರೆಗೆ ಎಲ್ಲ ಸರಿ. ಮುಚ್ಚಳ ಹಾರಿದರೆ ಒಳಗಿದ್ದದ್ದು ಸುಮ್ಮನೆ ಸೋರೋದಿಲ್ಲ, ಭಸ್ಸನೆ ಮೋಡವಾಗಿ ನುಗ್ಗುತ್ತೆ. ಇನ್ನೊಂದು ವಿಷಯ ಏನಪ್ಪಾ ಅಂದ್ರೆ, ಒಂದು ಸುತ್ತಿಗೆ ಕೆಲಸಕ್ಕೆ ಬರುವಂತೆ ಬದಲಾಗುತ್ತಿದ್ದ ಪಾಲು ತೀರಾ ಕಮ್ಮಿ. ಉಳಿದದ್ದೆಲ್ಲ ಮತ್ತೆ ಮತ್ತೆ ಸುತ್ತಬೇಕು. ಹಾಗಾಗಿ ಸ್ಥಾವರದೊಳಗೆ ಯಾವಾಗಲೂ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಬಿಸಿ ದ್ರವ ತಿರುಗಾಡ್ತಾ ಇರುತ್ತಿತ್ತು.

ಆರು ರಿಯಾಕ್ಟರುಗಳು ಮೆಟ್ಟಿಲಿನ ಹಾಗೆ ಸಾಲಾಗಿ ನಿಂತಿದ್ದವು. ಪ್ರತಿಯೊಂದೂ ಹಿಂದಿನದಕ್ಕಿಂತ 14 ಇಂಚು ಕೆಳಗೆ, ದ್ರವ ತಾನಾಗೇ ಇಳಿದು ಹೋಗಲಿ ಅಂತ. 1974ರ ಮಾರ್ಚ್ 27ರಂದು ಐದನೇ ರಿಯಾಕ್ಟರಿನ ಮೈಯಲ್ಲಿ ಉದ್ದಕ್ಕೆ ಬಿರುಕು ಕಂಡಿತು. ಬಿರುಕು ಬಂದ ಕತೆಯೂ ಸ್ವಾರಸ್ಯವೇ. ಅದಕ್ಕೂ ಮುಂಚೆ ಮೇಲ್ಗಡೆ ಒಂದು ಸಣ್ಣ ಸೋರಿಕೆ ಇತ್ತು. ಅದನ್ನ ಸಂಭಾಳಿಸೋದಕ್ಕೆ ತಣ್ಣೀರು ಸುರೀತಿದ್ದರು, ಆ ನೀರಿನಲ್ಲಿ ನೈಟ್ರೇಟ್ ಇತ್ತು. ಬಿಸಿ ಉಕ್ಕಿನ ಮೇಲೆ ನೈಟ್ರೇಟ್ ಕೂತು, ಉಕ್ಕು ಒಳಗಿಂದೊಳಗೆ ಸೀಳಿತು. ಅಂದರೆ ಒಂದು ತೇಪೆಯೇ ಇನ್ನೊಂದು ತೇಪೆಯನ್ನ ಹುಟ್ಟಿಸಿದ್ದು!

ಐದನೆಯದನ್ನ ಕಿತ್ತು ಪಕ್ಕಕ್ಕಿಟ್ಟರು. ಉಳಿದ ಐದನ್ನ ಬಿಚ್ಚಿ, ಇವಕ್ಕೂ ಬಿರುಕು ಬಂದಿದೆಯಾ ಅಂತ ನೋಡಲಿಲ್ಲ. ಉತ್ಪಾದನೆ ನಿಲ್ಲಬಾರದಲ್ಲ. ನಾಲ್ಕರಿಂದ ನೇರ ಆರಕ್ಕೆ ಒಂದು ಪೈಪು ಹಾಕೋಣ ಅಂತ ತೀರ್ಮಾನವಾಯಿತು. ಬಾಯಿ ಇದ್ದದ್ದು 28 ಇಂಚು, ಕೈಗೆ ಸಿಕ್ಕಿದ ಪೈಪು 20 ಇಂಚು. ಎರಡು ಬಾಯಿಗಳೂ ಬೇರೆ ಬೇರೆ ಎತ್ತರದಲ್ಲಿದ್ದದ್ದರಿಂದ ಪೈಪನ್ನ ನಾಯಿಕಾಲಿನ ಹಾಗೆ ಸೊಟ್ಟಗೆ ಬೆಸೆದರು. ಎರಡೂ ತುದಿಯಲ್ಲಿ ಹಾರ್ಮೋನಿಯಂ ತಿದಿಯಂಥ ಮಡಿಕೆಯ ಬೆಲ್ಲೋಸ್. ಕೆಳಗೆ ಆಸರೆಗೆ ಕಟ್ಟಡದ ಕೆಲಸಕ್ಕೆ ಕಟ್ಟುವಂಥ ಸಾರುವೆ. ಡ್ರಾಯಿಂಗ್ ಎಲ್ಲಿ ಅಂತೀರಾ? ವರ್ಕ್‌ಶಾಪಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ.

ಅವರೇನೂ ಪೂರ್ತಿ ಬೇಜವಾಬ್ದಾರಿ ಜನ ಅಲ್ಲ. ಹರಿವು ಸಾಕಾಗುತ್ತಾ, ನೆಟ್ಟಗಿನ ಪೈಪಾದರೆ ಈ ಒತ್ತಡ ತಡೆಯುತ್ತಾ ಅಂತ ಲೆಕ್ಕ ಹಾಕಿದ್ದರು. ಆದರೆ ಸೊಟ್ಟ ಪೈಪಿನಲ್ಲಿ ಒತ್ತಡ ಅದನ್ನ ತಿರುಚೋದಕ್ಕೆ ನೋಡುತ್ತೆ, ಬೆಲ್ಲೋಸ್ ಆ ತಿರುಚು ತಡೆಯೋದಿಲ್ಲ. ಇದು ಹೊಳೆಯಬೇಕಾಗಿದ್ದದ್ದು ಒಬ್ಬ ಅನುಭವಿ ಮೆಕ್ಯಾನಿಕಲ್ ಇಂಜಿನಿಯರಿಗೆ. ಕಾರ್ಖಾನೆಯ ಆ ಹುದ್ದೆ ಅದೇ ಹೊತ್ತಿಗೆ ಖಾಲಿ ಇತ್ತು! ನನಗೆ ಇಡೀ ಕತೆಯಲ್ಲಿ ಅತಿ ಹೆಚ್ಚು ಭಯ ಹುಟ್ಟಿಸೋದು ಇದೇ ಭಾಗ. ತಮಗೆ ಗೊತ್ತಿಲ್ಲ ಅನ್ನೋದೇ ಅಲ್ಲಿದ್ದವರಿಗೆ ಗೊತ್ತಿರಲಿಲ್ಲ.

ಏಪ್ರಿಲ್ ಒಂದಕ್ಕೆ ಮತ್ತೆ ಚಾಲೂ. ಎರಡು ತಿಂಗಳು ಪೈಪು ಹೇಗೋ ನಿಂತಿತು. ಜೂನ್ 1, ಶನಿವಾರ ಸಂಜೆ 4 ಗಂಟೆ 53 ನಿಮಿಷಕ್ಕೆ ಸ್ಫೋಟ. ಪೈಪು ಕಿತ್ತುಹೋಗಿ, ಹತ್ತಾರು ಟನ್ ಸೈಕ್ಲೋಹೆಕ್ಸೇನ್ ಮೋಡವಾಗಿ ಹಬ್ಬಿ, ಎಲ್ಲೋ ಕಿಡಿ ತಗುಲಿತ್ತು. ಕಂಟ್ರೋಲ್ ರೂಮಿನಲ್ಲಿದ್ದ 18 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 1800 ಮನೆಗಳಿಗೆ ಪೆಟ್ಟುಬಿತ್ತು. ವಾರದ ದಿನವಾಗಿದ್ದರೆ ಆಫೀಸು ಕಟ್ಟಡ ಜನರಿಂದ ತುಂಬಿರುತ್ತಿತ್ತು, ಆ ಕಟ್ಟಡವೂ ನೆಲಸಮವಾಗಿತ್ತು. ಮೊದಲು ಒಡೆದದ್ದು ಈ ಪೈಪೇ ಅಲ್ಲ, ಪಕ್ಕದ ಎಂಟು ಇಂಚಿನ ಪೈಪು ಅನ್ನೋ ವಾದವೂ ಬಂತು. 1975ರ ಸರ್ಕಾರಿ ತನಿಖಾ ವರದಿ ಒಪ್ಪಿದ್ದು ಸೊಟ್ಟ ಪೈಪನ್ನೇ.

ಬ್ರಿಟನ್ನಿನ ಉದ್ಯೋಗ ಸುರಕ್ಷತಾ ಕಾಯ್ದೆ ಈ ದುರಂತದಿಂದಲೇ ಹುಟ್ಟಿತು ಅಂತ ಕೆಲವರು ಬರೀತಾರೆ. ಅದು ಪೂರ್ತಿ ಸರಿಯಲ್ಲ. 1972ರ ರೋಬೆನ್ಸ್ ಸಮಿತಿಯ ವರದಿಯ ಮೇಲೆ ಆ ಮಸೂದೆ ಆಗಲೇ ಪಾರ್ಲಿಮೆಂಟಿನಲ್ಲಿತ್ತು, 1974ರ ಜುಲೈ 31ಕ್ಕೆ ಕಾಯ್ದೆಯಾಯಿತು. ಫ್ಲಿಕ್ಸ್‌ಬರೋ ನಿಜವಾಗಿ ಬದಲಾಯಿಸಿದ್ದು ಇಂಜಿನಿಯರುಗಳ ಅಭ್ಯಾಸವನ್ನ. ಕಂಟ್ರೋಲ್ ರೂಮುಗಳು ಗಟ್ಟಿಯಾದವು, ದೂರ ಸರಿದವು. ತಾತ್ಕಾಲಿಕವಾದದ್ದೂ ಸೇರಿ ಯಾವುದೇ ಬದಲಾವಣೆಯನ್ನ ಇನ್ನೊಬ್ಬರು ಪರಿಶೀಲಿಸಿ ಒಪ್ಪಬೇಕು ಅನ್ನೋ ಪದ್ಧತಿ ಬೇರೂರಿತು. ನಮ್ಮ ಕೋಡ್ ರಿವ್ಯೂಗೆ ಇದೊಂಥರಾ ದೊಡ್ಡಪ್ಪ.

ಐಸಿಐ ಕಂಪನಿಯ ಸುರಕ್ಷತಾ ಸಲಹೆಗಾರ ಟ್ರೆವರ್ ಕ್ಲೆಟ್ಜ್ ಇನ್ನೂ ಮುಂದೆ ಹೋಗಿ ಬೇರೆಯೇ ಪ್ರಶ್ನೆ ಕೇಳಿದರು. ಅಷ್ಟೊಂದು ಅಪಾಯದ ದ್ರವ ಅಲ್ಲಿ ಯಾಕಿರಬೇಕಿತ್ತು? ಇಲ್ಲದ್ದು ಸೋರೋದಿಲ್ಲವಲ್ಲ. 1970ರ ದಶಕದಲ್ಲೇ ಅವರು ಹೀಗೆ ಹೇಳ್ತಿದ್ದರು. 1984ರ ಡಿಸೆಂಬರಿನಲ್ಲಿ ನಮ್ಮ ಭೋಪಾಲಿನಲ್ಲಿ ಸುಮಾರು 40 ಟನ್ ಮಿಥೈಲ್ ಐಸೋಸಯನೇಟ್ ಸೋರಿತು. ಮಧ್ಯದ ಹಂತದ ರಾಸಾಯನಿಕ ಅದು, ಮಾರೋ ಸರಕೇ ಅಲ್ಲ. ಅಷ್ಟು ಕೂಡಿಡಲೇಬೇಕು ಅನ್ನೋ ಅಗತ್ಯ ಇರಲಿಲ್ಲ. ನಮ್ಮ ಫ್ಯಾಕ್ಟರಿ ಕಾಯ್ದೆಗೆ ಅಪಾಯಕಾರಿ ಕಾರ್ಖಾನೆಗಳ ಅಧ್ಯಾಯ ಸೇರಿದ್ದು ಅದಾದಮೇಲೆ, 1987ರಲ್ಲಿ.

ಫ್ಲಿಕ್ಸ್‌ಬರೋ ಕಾರ್ಖಾನೆಯನ್ನ ಬೇರೆ ವಿಧಾನದಲ್ಲಿ ಮತ್ತೆ ಕಟ್ಟಿದರು, ಆದರೆ ಲಾಭ ಬರದೆ 1981ರಲ್ಲಿ ಮುಚ್ಚಿತು. ಸತ್ತವರ ನೆನಪಿಗೆ ನೀರಿಗಿಳಿಯೋ ಬಾತುಕೋಳಿಗಳ ಕಂಚಿನ ಶಿಲ್ಪವೊಂದು ಅಲ್ಲಿತ್ತು. ಕಾರ್ಖಾನೆ ಮುಚ್ಚಿದಮೇಲೆ ಅದನ್ನ ಹಳ್ಳಿಯ ಚರ್ಚಿನ ಕೊಳಕ್ಕೆ ಸಾಗಿಸಿದ್ದರು. 1984ರ ಹೊಸವರ್ಷದ ದಿನ ಬೆಳಗಿನ ಜಾವ ಯಾರೋ ಕದ್ದೊಯ್ದರು, ಮತ್ತೆ ಸಿಗಲೇ ಇಲ್ಲ. ಕೆಳಗಿನ ಪೀಠ ಮಾತ್ರ ಉಳಿಯಿತು, 28 ಹೆಸರುಗಳ ಫಲಕದ ಜೊತೆ.